ಬೆಂಚಿನ ಮೇಲಿನ ಹೆಂಗಸು

ಎರಡನೆಯ ಪುಟದ ನಡುವೆ ಇರ್ಮಾಳ ದನಿ ನಿಂತುಹೋಯಿತು. ಕನ್ನಡಕ ತೆಗೆದು, ಸ್ವೆಟರಿನ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡಳು. ಗಾಜು ಮೊದಲೂ ಸ್ವಚ್ಛವಾಗಿಯೇ ಇತ್ತು.

"ಏನ್ ಮೇಷ್ಟ್ರಮ್ಮ, ಅಕ್ಷರಗಳು ಎದ್ದು ಓಡಿಹೋದ್ವಾ?" ಎಂದ ದಾರ್ದೊ, ಮೇಜಿನ ಆ ಬದಿಯಿಂದ.

"ಪ್ರಿಂಟು ಮಸುಕಾಗಿದೆ," ಎಂದು ಹೇಳಿ ಅವಳು ಮುಂದಕ್ಕೆ ಓದಿದಳು.

'ಬಸ್ಸಿಳಿದ ಹೆಂಗಸು ರಸ್ತೆ ದಾಟಲಿಲ್ಲ. ಎದುರಿಗೇ ಅವಳ ಮನೆ. ಕಿಟಕಿಯಲ್ಲಿ ದೀಪ ಹತ್ತಿತ್ತು. ಆ ದೀಪದ ಕೆಳಗೆ ಅವಳ ಗಂಡ ಊಟಕ್ಕೆ ಕಾಯುತ್ತಿದ್ದ. ಅವಳು ತಂಗುದಾಣದ ಬೆಂಚಿನ ಮೇಲೆ ಕೂತುಕೊಂಡಳು, ಊರಿಗೆ ಹೊಸಬಳ ಹಾಗೆ. ಇನ್ನೊಂದು ಬಸ್ಸು ಬಂತು, ಹೋಯಿತು. ಅವಳು ಏಳಲಿಲ್ಲ.'

ಗೋಡೆಯಾಚೆ ಕ್ಲಬ್ಬಿನ ಅಂಗಳದಲ್ಲಿ ಮುದುಕರು ಆಟಕ್ಕೆ ಉರುಳಿಸುವ ಮರದ ಚೆಂಡುಗಳು ಒಂದಕ್ಕೊಂದು ತಾಗುವ ಸದ್ದು, ಅವರ ಜಗಳ. ಆ ಸೀಮೆಗೆ ಜುಲೈ ಎಂದರೆ ನಡುಚಳಿಗಾಲ; ಗ್ಯಾಸ್ ಹೀಟರನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಿದ್ದರು. ಇರ್ಮಾಳ ಬಲಗಡೆ ಕೂತಿದ್ದ ಬ್ಲಾಂಕಾ ಮೇಜಿನ ಮರದ ಗೆರೆಯೊಂದನ್ನು ಉಗುರಿನಿಂದ ಕೆರೆಯುತ್ತಿದ್ದಳು.

ಈ ಕಥೆ ಬರೆಯುವವರ ಬಳಗದಲ್ಲಿ ಬರೆದವರು ತಮ್ಮದನ್ನು ತಾವೇ ಓದುವಂತಿಲ್ಲ. ಎಲ್ಲರಿಗೂ ಒಂದೊಂದು ಪ್ರತಿ ಹಂಚಿ, ಓದುವುದನ್ನು ಎಡಗಡೆ ಕೂತವರಿಗೆ ಬಿಡಬೇಕು. ಅವರು ಮೊದಲ ಸಲ ನೋಡುತ್ತಲೇ ಗಟ್ಟಿಯಾಗಿ ಓದಬೇಕು. ಓದುವವರ ನಾಲಗೆ ಎಲ್ಲಿ ಎಡವುತ್ತದೋ ಅಲ್ಲಿ ಕಥೆಯೂ ಎಡವಿದೆ ಎಂಬುದು ಬಳಗ ನಡೆಸುವ ಎಬೆರ್‌ನ ನಂಬಿಕೆ. ಓದು ಮುಗಿದ ಮೇಲೆ ಒಬ್ಬೊಬ್ಬರಾಗಿ ಅಭಿಪ್ರಾಯ ಹೇಳಬೇಕು, ಓದಿದವರು ಎಲ್ಲರಿಗಿಂತ ಕೊನೆಗೆ. ಅಷ್ಟು ಹೊತ್ತೂ ಬರೆದವರು ತುಟಿ ಬಿಚ್ಚುವ ಹಾಗಿಲ್ಲ. ಇದೆಲ್ಲಕ್ಕಿಂತ ದೊಡ್ಡ ನಿಯಮ ಇನ್ನೊಂದಿತ್ತು. 'ಕಾಗದದ ಮೇಲಿರೋರಿಗೆ ಈ ಮೇಜಿನ ಸುತ್ತ ಯಾರೂ ನೆಂಟರಿಲ್ಲ' ಎಂದು ಎಬೆರ್ ಹೇಳುತ್ತಿದ್ದ. ಇದು ನಿಜವಾಗಿ ನಡೆದದ್ದಾ, ಯಾರ ಮನೆಯದು ಎಂದು ಬಾಯಿತಪ್ಪಿ ಕೇಳಿದವರು ಮುಂದಿನ ವಾರ ಎಲ್ಲರಿಗೂ ಬೇಕರಿಯಿಂದ ಬಿಸ್ಕೋಚೊ ಎಂಬ ಸಿಹಿ ಬನ್ನು ತರಬೇಕು. ದಾರ್ದೊ ಬಹಳ ಸಲ ತಂದಿದ್ದ.

ಇರ್ಮಾ ಓದುತ್ತಾ ಹೋದಳು. ಕಥೆಯ ಗಂಡ ದರ್ಜಿ, ಪಾರ್ಶ್ವವಾಯು ಬಡಿದು ಎಡಭಾಗ ಬಿದ್ದುಹೋದವನು. ಅವಳ ಎಲ್ಬಿಯೊ ದರ್ಜಿಯಲ್ಲ. ಪಾಯ್ಸಂದೂ ಊರಿನ ರೇಡಿಯೊದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಫುಟ್‌ಬಾಲ್ ಪಂದ್ಯಗಳನ್ನೂ ಪ್ರವಾಹದ ದಿನಗಳಲ್ಲಿ ನದಿಯ ನೀರಿನ ಮಟ್ಟವನ್ನೂ ಹೇಳಿದವನು. ಪಾರ್ಕಿನ್ಸನ್ ಬಂದ ಮೇಲೆ ಆ ದನಿ ಈಗ ಒಂದು ಮೇಜನ್ನೂ ದಾಟುವುದಿಲ್ಲ. ದರ್ಜಿ, ಪಾರ್ಶ್ವವಾಯು, ಹೆಂಗಸಿನ ಕೆಂಪು ಕೋಟು ಎಲ್ಲ ಬ್ಲಾಂಕಾ ಕಟ್ಟಿದ್ದು. ಬೆಂಚು ಮಾತ್ರ ಇರ್ಮಾಳದು. ಏಪ್ರಿಲ್‌ನಲ್ಲಿ ಒಂದು ದಿನ ಚೌಕದ ಮರದ ಕೆಳಗೆ ಕೂತಿದ್ದಾಗ, ಮನೆಯೆದುರು ಬಸ್ಸಿಳಿದೂ ತಾನು ಒಳಗೆ ಹೋಗದೆ ಬೆಂಚಿನ ಮೇಲೆ ಕೂರುವುದನ್ನು ಅವಳು ಬ್ಲಾಂಕಾಗೆ ಹೇಳಿದ್ದಳು. ಇನ್ನಾರಿಗೂ ಹೇಳಿರಲಿಲ್ಲ.

ಗುರುವಾರ ಮಧ್ಯಾಹ್ನ ಪಕ್ಕದ ಮನೆಯ ನೀಬಿಯಾ ಬಂದು ಎಲ್ಬಿಯೊನ ಹತ್ತಿರ ಕೂರುತ್ತಾಳೆ. ಇರ್ಮಾಳಿಗೆ ವಾರದಲ್ಲಿ ಸಿಗುವ ಬಿಡುವು ಅಷ್ಟೇ: ಈ ಕೋಣೆ, ಈ ಮೇಜು, ಕೈಯಿಂದ ಕೈಗೆ ಸುತ್ತಿ ಬರುವ, ಮಾಟೆ ಎಂಬ ಕಹಿ ಎಲೆಯ ಕಷಾಯದ ಸೋರೆಬುರುಡೆ. ಅದಕ್ಕೆ ಬದಲಾಗಿ ಎಲ್ಬಿಯೊ ಕೇಳುವುದು ಒಂದೇ. ಅವತ್ತು ಓದಿದ ಕಥೆಯ ಪ್ರತಿಯನ್ನು ಮನೆಗೆ ತಂದು ಅವನಿಗೂ ಓದಿ ಹೇಳಬೇಕು. ಬಳಗದ ಎಲ್ಲರ ಬರವಣಿಗೆಯೂ ಅವನಿಗೆ ಬಾಯಿಪಾಠ. ಓದುತ್ತಿದ್ದ ಹಾಗೆ ಇರ್ಮಾಳ ತಲೆಯಲ್ಲಿ ಸಂಜೆಯ ಮನೆ, ಆ ಕುರ್ಚಿ, 'ಏನ್ ತಂದೆ ಇವತ್ತು' ಎಂಬ ಮಾತು ಬಂದು ನಿಂತಿತು.

ಕಥೆಯ ಕೊನೆಯಲ್ಲಿ ಹೆಂಗಸು ಓಡಿಹೋಗಿ ಬಾಗಿಲು ತೆರೆದು, ಗಂಡನ ಕಾಲ ಬಳಿ ಮಂಡಿಯೂರಿ, ಅವನ ಸತ್ತ ಕೈಯನ್ನು ಕೆನ್ನೆಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅವನು ಬದುಕಿದ ಕೈಯಿಂದ ಅವಳ ಕಣ್ಣೀರು ಒರೆಸಿದ.

ಇರ್ಮಾ ಹಾಳೆಗಳ ಅಂಚು ಸರಿಮಾಡಿ ಮೇಜಿನ ಮೇಲಿಟ್ಟಳು.

"ದಾರ್ದೊ, ಶುರುಮಾಡು," ಎಂದ ಎಬೆರ್, ಬುರುಡೆಗೆ ಬಿಸಿನೀರು ಹುಯ್ಯುತ್ತಾ.

ದಾರ್ದೊನದು ಮಾಂಸದಂಗಡಿ. ಗುರುವಾರ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಬರುತ್ತಿದ್ದ. ಬರೆಯುತ್ತಿದ್ದುದು ದೆವ್ವದ ಕಥೆ. "ನೋಡಿ, ಕಥೆ ಚೆನ್ನಾಗಿದೆ. ಹೆಂಗಸು ಚೆನ್ನಾಗಿಲ್ಲ. ಕೈಕಾಲು ಬಿದ್ದೋದ ಗಂಡ ಒಳಗೆ ಹಸ್ಕೊಂಡು ಕೂತಿದಾನೆ, ಇವಳು ಎದುರುಗಡೆ ಕೂತು ಬಸ್ಸು ಎಣಿಸ್ತಾಳೆ. ಯಾವ ಹೆಂಗಸು ಹಾಗೆ ಮಾಡ್ತಾಳ್ರೀ? ನನ್ನ ದೆವ್ವಗಳಿಗೇ ಇದಕ್ಕಿಂತ ಕರುಣೆ ಇದೆ."

"ನಿನ್ನ ದೆವ್ವಗಳಿಗೆ ಮದುವೆ ಆಗಿಲ್ಲ," ಎಂದು ಎಬೆರ್ ನಕ್ಕ.

"ನಗಬೇಡಿ ಮೇಷ್ಟ್ರೇ. ನಂಬಿಕೆ ಬರಬೇಕಲ್ಲ? ಒಬ್ಬ ಪ್ರಿಯಕರ ಇರಲಿ. ಬೆಂಚಿನ ಮೇಲೆ ಅವನಿಗೆ ಕಾಯ್ತಿದಾಳೆ ಅಂದ್ರೆ ನಾನು ಒಪ್ಕೋತೀನಿ. ಸುಮ್ಮನೆ ಕೂತ್ಲು ಅಂದ್ರೆ? ಸುಮ್ಮನೆ ಯಾರು ಕೂರ್ತಾರೆ?"

ಬ್ಲಾಂಕಾಳ ಕತ್ತಿನಿಂದ ಕೆಂಪು ಏರಿ ಕಿವಿ ಮುಟ್ಟಿತ್ತು. ಬಾಯಿ ತೆರೆಯುವಂತಿರಲಿಲ್ಲ.

ಎಬೆರ್ ಪ್ರೌಢಶಾಲೆಯಲ್ಲಿ ಸಾಹಿತ್ಯ ಪಾಠ ಮಾಡಿ ನಿವೃತ್ತನಾದವನು. ನಿಧಾನವಾಗಿ ಮಾತಾಡಿದ. "ನಂಗೆ ಬೆಂಚು ಇಷ್ಟ ಆಯ್ತು. ಆದ್ರೆ ಆ ಬೆಂಚನ್ನ ನಾವು ಕ್ಷಮಿಸೋದು ಕೊನೆಯಿಂದ. ಅವಳು ಅಳದೇ ಇದ್ದಿದ್ರೆ ದಾರ್ದೊ ಹೇಳಿದ್ದು ಸರಿ, ಕಲ್ಲಿನಂಥ ಹೆಂಗಸು ಅನ್ನಿಸ್ತಿತ್ತು. ಅತ್ತಳು, ಮನುಷ್ಯಳಾದಳು. ಈ ವರ್ಷದ ಸಂಕಲನಕ್ಕೆ ಇದನ್ನ ತಗೋಬಹುದು ಅಂತ ನನ್ನ ಅಭಿಪ್ರಾಯ." ಬುರುಡೆಯನ್ನು ಇರ್ಮಾಳ ಕಡೆ ಸರಿಸಿದ. "ಇನ್ನು ನೀವು."

ಇರ್ಮಾ ಬುರುಡೆಯ ಕೊಳವೆಗೆ ಬಾಯಿ ಹಚ್ಚಿ ಕಹಿಯನ್ನು ಕೊನೆಯವರೆಗೂ ಹೀರಿದಳು. 'ಚೆನ್ನಾಗಿದೆ, ಹೇಳೋಕೇನಿಲ್ಲ' ಎಂದುಬಿಟ್ಟರೆ ಮುಗಿಯುತ್ತಿತ್ತು. ಅವಳದೇ ಕಥೆಗಳಿಗೆ ಈ ಮೇಜು ಬಹಳ ಸಲ ಹಾಗೆ ಹೇಳಿದೆ. ಅವಳು ಬರೆಯುತ್ತಿದ್ದುದು ಚಿಟ್ಟೆ ಹಿಡಿಯುವ ಮಕ್ಕಳ ಬಗ್ಗೆ, ದೀಪಸ್ತಂಭ ಕಾಯುವವನ ಬಗ್ಗೆ. 'ಅಚ್ಚುಕಟ್ಟಾಗಿದೆ ಕಣೇ, ತೊಳೆದಿಟ್ಟ ಗಾಜಿನ ಲೋಟದ ಹಾಗೆ. ಅದ್ರಲ್ಲಿ ಒಂಚೂರು ಏನಾದ್ರೂ ಹುಯ್ಯಿ' ಎಂದು ಬ್ಲಾಂಕಾ ಒಮ್ಮೆ ಹೇಳಿದ್ದಳು. ಬದುಕೆಲ್ಲ ಕೆಮಿಸ್ಟ್ರಿ ಪಾಠ ಮಾಡಿದವಳಿಗೆ ಅದು ಹೊಗಳಿಕೆಯ ಹಾಗೇ ಕೇಳಿಸಿತ್ತು.

ಬ್ಲಾಂಕಾಳನ್ನು ಬೈಯಬೇಕೆಂದುಕೊಂಡಳು. ಬೈಯಲು ಬೇಕಾದದ್ದು ಎಲ್ಲೋ ಖರ್ಚಾಗಿಹೋಗಿತ್ತು. ಉಳಿದದ್ದು ಹಳೆಯ ಅಭ್ಯಾಸ ಒಂದೇ. ತಪ್ಪು ಉತ್ತರದ ಮೇಲೆ ಸುಮ್ಮನೆ ಕೈ ಆಡಿಸಿ ಮುಂದೆ ಹೋಗಲು ಅವಳಿಂದ ಎಂದೂ ಆಗಿರಲಿಲ್ಲ.

"ಕೊನೆ ಸುಳ್ಳು," ಎಂದಳು.

ಬ್ಲಾಂಕಾ ಉಗುರು ನಿಲ್ಲಿಸಿದಳು.

"ಅವಳು ಅಳಲ್ಲ. ಅಳೋಕೆ ಮೈಯಲ್ಲಿ ಏನಾದ್ರೂ ಉಳಿದಿರಬೇಕು. ಪ್ರೀತಿ ಉಕ್ಕಿ ಓಡೋದೂ ಇಲ್ಲ. ಬೆಂಚು ಸಿಮೆಂಟಿನದು, ಸೊಂಟ ಹಿಡ್ಕೊಳ್ಳುತ್ತೆ. ಒಂದಕ್ಕೆ ಹೋಗ್ಬೇಕು ಅನ್ಸುತ್ತೆ. ಅದಕ್ಕೆ ಏಳ್ತಾಳೆ."

ದಾರ್ದೊ ಗೊಳ್ಳೆಂದು ನಕ್ಕ. "ಮೇಷ್ಟ್ರಮ್ಮ, ಇದು ಸಾಹಿತ್ಯ ಕಣ್ರೀ! ಸಾಹಿತ್ಯದಲ್ಲಿ ಯಾರಿಗೂ ಒಂದಕ್ಕೆ ಬರಲ್ಲ."

"ಇವಳಿಗೆ ಬರುತ್ತೆ. ಇನ್ನೊಂದು. ಬೆಂಚಿನ ಮೇಲೆ ಅವಳು ತನ್ನ ಯೌವನ ನೆನೀತಾಳೆ, ಸಾವಿನ ಬಗ್ಗೆ ಯೋಚಿಸ್ತಾಳೆ ಅಂತ ಇದೆ. ಏನೂ ಯೋಚಿಸಲ್ಲ. ಎದುರಿನ ಔಷಧಿ ಅಂಗಡಿ ಬೋರ್ಡಿನ ಹಸಿರು ದೀಪ ಹತ್ತೋದು ಆರೋದು ನೋಡ್ತಾಳೆ. ಅದೇ ಸುಖ. ಯಾರೂ ಕರೆಯಲ್ಲ. ಯಾರದ್ದೂ ಬಾಯಿ ಒರೆಸೋದಿರಲ್ಲ." ಅವಳ ದನಿ ಪಾಠ ಹೇಳುವ ದನಿಯೇ ಆಗಿತ್ತು, ಏರಿಳಿತವಿಲ್ಲದೆ. "ಮತ್ತೆ ಚೀಲದಲ್ಲಿ ಬಿಸ್ಕೋಚೊ ಇರುತ್ತಲ್ಲ, ಅವನಿಗೆ ಇಷ್ಟ ಅಂತ ತಗೊಂಡಿದ್ದು, ಹಣ್ಣಿನ ಪಾಕ ತುಂಬಿದ್ದು. ಅದನ್ನ ಅವಳೇ ತಿಂತಾಳೆ. ಒಂದು ತಿಂದು ಚೀಲ ಮುಚ್ತಾಳೆ. ಆಮೇಲೆ ಇನ್ನೊಂದನ್ನೂ ತಿಂತಾಳೆ. ಕೈ ಒರೆಸ್ಕೊಂಡು ಒಳಗೆ ಹೋಗಿ, ಬೇಕರಿ ಮುಚ್ಚಿತ್ತು ಅಂತಾಳೆ."

ಎಬೆರ್ ತನ್ನ ಪ್ರತಿಯ ಪುಟಗಳನ್ನು ಹಿಂದಕ್ಕೆ ಮುಂದಕ್ಕೆ ತಿರುವಿದ.

"ಯಾವ ಚೀಲ? ಇಲ್ಲಿ ಚೀಲಾನೇ ಇಲ್ಲವಲ್ಲ ಇರ್ಮಾ."

ಅವಳು ಪುಟ ನೋಡಿದಳು. ಬ್ಲಾಂಕಾಳನ್ನು ನೋಡಿದಳು. ಚೀಲದ ಮಾತನ್ನು ಬ್ಲಾಂಕಾಳಿಗೂ ಹೇಳಿರಲಿಲ್ಲ.

"ಇಲ್ಲ," ಎಂದಳು. "ಇರಬೇಕಿತ್ತು."

ದಾರ್ದೊ ಬಾಯಿ ತೆರೆದ. ಅವನ ದೊಡ್ಡ ಕೆಂಪು ಮುಖದಲ್ಲಿ ಪ್ರಶ್ನೆ ಮೂಡಿ, ತುಟಿಯವರೆಗೂ ಬಂದು, ಅಲ್ಲೇ ನಿಂತಿತು. ಎಬೆರ್ ಅವನನ್ನೇ ನೋಡುತ್ತಿದ್ದ. ದಾರ್ದೊ ಬಾಯಿ ಮುಚ್ಚಿಕೊಂಡು, ಪೆನ್ನು ತೆಗೆದು, ತನ್ನ ಪ್ರತಿಯ ಮೇಲೆ ಏನನ್ನೋ ಹೊಡೆದುಹಾಕಿದ. "ಪ್ರಿಯಕರ ಬೇಡ," ಎಂದು ಗೊಣಗಿದ. "ಬಿಸ್ಕೋಚೊ ಇದ್ರೆ ಸಾಕು."

"ಬರೆದವರು?" ಎಂದ ಎಬೆರ್.

ಈಗ ಬ್ಲಾಂಕಾ ಮಾತಾಡಬಹುದಿತ್ತು. "ಕೇಳಿಸ್ಕೊಂಡೆ," ಎಂದಳು, ಅಷ್ಟೇ.

ಬೀದಿಯಲ್ಲಿ ಬೆಳಕು ಇಳಿಯುತ್ತಿತ್ತು. ನದಿಯ ಕಡೆಯಿಂದ ಬರುವ ಗಾಳಿಗೆ ಇರ್ಮಾ ಕೋಟಿನ ಕಾಲರು ಎತ್ತಿಕೊಂಡು ನಡೆದಳು. ಬ್ಲಾಂಕಾ ಹಿಂದೆಯೇ ಬಂದು, ಬಸ್ಸು ನಿಲ್ಲುವ ಮೂಲೆಯಲ್ಲಿ ಜೊತೆಯಾದಳು.

"ಬೈದುಬಿಡೇ ಮಾರಾಯ್ತಿ. ಹಿಂಗೆ ಸುಮ್ಮನೆ ಹೋಗ್ಬೇಡ."

"ಬೈಯೋಕೆ ನಾಳೆ ಬಾ. ಇವತ್ತು ಸಾಕಾಗಿದೆ."

"ನಾನು ಎಲ್ಲ ಬದಲಾಯಿಸ್ದೆ ಕಣೇ. ದರ್ಜಿ ಮಾಡ್ದೆ. ಕೆಂಪು ಕೋಟು ಹಾಕ್ದೆ. ಪಕ್ಕದಲ್ಲಿ ನೀನು ಕೂರ್ತೀಯ, ನಿನ್ನ ಕೈಗೇ ಹೋಗುತ್ತೆ ಅಂತ ಗೊತ್ತಿತ್ತು. ಬೇರೆ ಕಡೆ ಕೂರ್ಬಹುದಿತ್ತು. ಕೂರ್ಲಿಲ್ಲ." ಬ್ಲಾಂಕಾ ಮೂಗು ಒರೆಸಿಕೊಂಡಳು. "ನನ್ನ ಬದುಕಲ್ಲಿ ಏನೂ ಆಗಿಲ್ಲ ಇರ್ಮಾ. ಶಾಲೆ ಆಫೀಸಲ್ಲಿ ಸೀಲು ಹೊಡ್ದೆ, ಅಮ್ಮನ್ನ ನೋಡ್ಕೊಂಡೆ, ಅಮ್ಮ ಹೋದ್ಲು. ನೀನು ಆ ದಿನ ಹೇಳಿದ್ದು ನನ್ನ ತಲೆ ಬಿಟ್ಟು ಹೋಗ್ಲಿಲ್ಲ. ನೀನು ಬರೀತೀಯ ಅಂತ ಕಾದೆ. ನೀನು ದೀಪಸ್ತಂಭ ಬರೆದೆ."

"ಹೂಂ. ಬರೆದೆ."

"ಹರಿದು ಹಾಕ್ಲಾ? ಹೇಳು, ಈಗಲೇ ಹರೀತೀನಿ."

"ಏನ್ ಹರೀತೀಯ? ದಾರ್ದೊ ಒಂದು ಪ್ರತಿ ಮಡಿಚಿ ಜೇಬಿಗೆ ಹಾಕ್ಕೊಂಡ. ನಾಳೆ ಅದ್ರ ಮೇಲೆ ಪಕ್ಕೆಲುಬು ತೂಗಿ ಕೊಡ್ತಾನೆ."

ಬ್ಲಾಂಕಾ ನಗಲೂ ಆಗದೆ ಅಳಲೂ ಆಗದೆ ಕೆಮ್ಮಿದಳು. ಬಸ್ಸು ಬಂತು. "ಮುಂದಿನ ಗುರುವಾರ ಬರ್ತೀಯ ತಾನೇ?"

ಇರ್ಮಾ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು. "ಗುರುವಾರ ನಂಗೆ ಹೋಗೋಕೆ ಬೇರೆ ಜಾಗ ಎಲ್ಲಿದೆ?"

ಅವಳು ಇಳಿದಾಗ ಬೆಂಚು ಖಾಲಿ ಇತ್ತು. ಹಸಿರು ದೀಪ ಹತ್ತುತ್ತಾ ಆರುತ್ತಾ ಇತ್ತು. ಅವಳು ನಿಲ್ಲಲಿಲ್ಲ. ಕೂತರೆ ಕಥೆಯೊಳಗೆ ಹೋಗಿ ಕೂತಂತಾಗುತ್ತದೆ ಎನ್ನಿಸಿತು. ರಸ್ತೆ ದಾಟಿ ಗೇಟು ತಳ್ಳಿದಳು.

ನೀಬಿಯಾ ಬಾಗಿಲಿಗೇ ಬಂದಳು, ಕೈಯಲ್ಲಿ ಹೆಣಿಗೆ. "ಅಯ್ಯೋ! ಇವತ್ತೇನಕ್ಕಾ ಇಷ್ಟು ಬೇಗ? ಚರ್ಚೆ ಇರ್ಲಿಲ್ವಾ?"

"ಯಾವ ಚರ್ಚೆ?"

"ಅದೇ, ಓದಿ ಮುಗಿದ ಮೇಲೂ ಕೂತು ವಾದ ಮಾಡ್ತೀರಂತಲ್ಲ. ಎಲ್ಬಿಯೊ ವಾರವಾರ ಹೇಳ್ತಾರಲ್ಲ. 'ನೀಬಿಯಾ, ಅವಸರ ಮಾಡ್ಬೇಡ, ಅವಳಿಗೆ ಚರ್ಚೆ ಇರುತ್ತೆ, ನಿನ್ನ ಧಾರಾವಾಹಿ ಇಲ್ಲೇ ನೋಡು' ಅಂತ. ಎಷ್ಟ್ ಸಲ ಹೇಳೋದು ಪಾಪ, ಆ ದನೀಲಿ. ಬಾಯಿ ಹತ್ರ ಕಿವಿ ಇಟ್ಟು ಕೇಳ್ಬೇಕು." ನೀಬಿಯಾ ಶಾಲು ಹೊದ್ದು ಹೊರಟಳು. "ಸೂಪು ಒಲೆ ಮೇಲಿದೆ. ಉಪ್ಪು ಹಾಕಿಲ್ಲ."

ಅಂಥ ಚರ್ಚೆಯ ಮಾತನ್ನು ಇರ್ಮಾ ಎಲ್ಬಿಯೊನಿಗೆ ಎಂದೂ ಹೇಳಿರಲಿಲ್ಲ. ಕೋಟಿನಲ್ಲೇ ಒಳಗೆ ಹೋದಳು.

ಎಲ್ಬಿಯೊ ಕಿಟಕಿಯ ಪಕ್ಕದ ದೊಡ್ಡ ಕುರ್ಚಿಯಲ್ಲಿದ್ದ, ಬೀದಿಗೆ ಬೆನ್ನು ಮಾಡಿ. ಬಲಗೈ ತೊಡೆಯ ಮೇಲೆ ಏನನ್ನೋ ಉಜ್ಜುತ್ತಿರುವಂತೆ ನಡುಗುತ್ತಿತ್ತು.

"ಏನ್ ತಂದೆ?" ತುಟಿಗಳ ಆಕಾರದಿಂದಲೇ ಅವಳಿಗೆ ತಿಳಿಯಿತು.

"ಏನಿಲ್ಲ. ಇವತ್ತು ಏನೂ ಅಷ್ಟು..." ಎಂದವಳು ನಿಲ್ಲಿಸಿದಳು. ಅವನ ಕಣ್ಣು ಅವಳ ಕೈಚೀಲದ ಮೇಲಿತ್ತು. ಹಾಳೆಗಳ ಬಿಳಿ ತುದಿ ಹೊರಗೆ ಚಾಚಿಕೊಂಡಿತ್ತು. ಇಲ್ಲ ಎನ್ನಬಹುದಿತ್ತು, ಅವನು ಒಪ್ಪಿಕೊಳ್ಳುತ್ತಿದ್ದ. ಅವನು ಒಪ್ಪಿಕೊಳ್ಳುತ್ತಾನೆ ಎಂಬುದೇ ಅವಳಿಗೆ ಈಗ ಹೊರಲಾಗದಂತೆ ತೋರಿತು. ಮಣೆ ಎಳೆದುಕೊಂಡು ಕೂತು, ಕನ್ನಡಕ ಹಾಕಿಕೊಂಡು, ಮೊದಲ ಸಾಲಿನಿಂದ ಓದಿದಳು. ಏನನ್ನೂ ಬಿಡಲಿಲ್ಲ, ಏನನ್ನೂ ಸೇರಿಸಲಿಲ್ಲ. ದರ್ಜಿ, ಕೆಂಪು ಕೋಟು, ಬೆಂಚು, ಬಸ್ಸು, ಕೊನೆಯ ಕಣ್ಣೀರು. ತಲೆ ಎತ್ತಲಿಲ್ಲ.

ಓದಿ ಮುಗಿಯಿತು. ಮಾತು ಹೊರಡಿಸಲು ಅವನಿಗೆ ಹೇಗೂ ಹೊತ್ತು ಬೇಕು. ಅವಳು ಮಣೆಯನ್ನು ಹತ್ತಿರ ಸರಿಸಿ ಕಿವಿ ಕೊಟ್ಟಳು.

"ಬ್ಲಾಂಕಾಳದು."

"ಹೇಗೆ ಗೊತ್ತಾಯ್ತು?"

"ಅವಳು ಎಲ್ಲಾರ್ನೂ ಕೊನೆಗೆ ಅಳಿಸ್ತಾಳೆ." ಉಸಿರು ತೆಗೆದುಕೊಂಡ. "ಹೆಂಗಸು ಚೆನ್ನಾಗಿದಾಳೆ. ಗಂಡಸು ಕೆಟ್ಟಿದಾನೆ."

"ಕೆಟ್ಟಿದಾನೆ ಅಂದ್ರೆ?"

"ಮೇಜು ಕುರ್ಚಿ ಥರ ಇಟ್ಟಿದಾಳೆ ಅವನ್ನ. ಕೈಕಾಲು ಹೋಗಿದೆ, ಸರಿ. ಕಿವಿಗೇನಾಗಿದೆ ಅವನಿಗೆ?"

ಇರ್ಮಾ ಹಾಳೆಯ ಮೂಲೆಯನ್ನು ಬೆರಳಲ್ಲಿ ಮಡಿಚಿದಳು, ಬಿಡಿಸಿದಳು.

"ಬಸ್ಸು ನಿಲ್ಲುತ್ತೆ," ಎಂದ ಎಲ್ಬಿಯೊ. ನದಿಯ ಮಟ್ಟ ಹೇಳುತ್ತಿದ್ದ ಕಾಲದ ಹಾಗೆ ಒಂದೊಂದು ವಾಕ್ಯವನ್ನೂ ಬೇರೆಯಾಗಿಟ್ಟು ಹೇಳಿದ. "ಬ್ರೇಕು ಉಸ್ ಅನ್ನುತ್ತೆ. ಬಾಗಿಲು ತೆಗೆಯುತ್ತೆ. ಬಸ್ಸು ಹೋಯ್ತು. ಗೇಟು ಕಿರುಗುಟ್ಟಲಿಲ್ಲ. ಇನ್ನೊಂದು ಬಸ್ಸು. ಗೇಟು ಇನ್ನೂ ಇಲ್ಲ. ಅಷ್ಟು ಪೆದ್ದನಾ ಅವನು?"

"ಕೋಪ ಬರುತ್ತಾ?" ಎಂದು ಕೇಳಿದಳು. ಆಮೇಲೆ ಸೇರಿಸಿದಳು, "ಅವನಿಗೆ. ಆ ದರ್ಜಿಗೆ."

"ಮೊದಮೊದಲು ಬರುತ್ತೆ." ಅವನಿಗೆ ಕೆಮ್ಮು ಬಂತು, ಅವಳು ನೀರು ಕೊಡಲು ಏಳಹೋದಳು, ಅವನು ಬೇಡವೆಂದು ತಲೆಯಾಡಿಸಿದ. "ಆಮೇಲೆ ಅವನಿಗೂ ಅದು ಬೇಕು ಅನ್ಸುತ್ತೆ. ಅಷ್ಟೊತ್ತು ಯಾರೂ ಗಲ್ಲ ಒರೆಸಲ್ಲ. ಚಳಿಯಾಗ್ತಿದೆಯಾ ಅಂತ ಕೇಳಲ್ಲ. ಕೂತಿರ್ತಾನೆ. ಅವಳೂ ಅಲ್ಲಿ ಕೂತಿರ್ತಾಳೆ. ಅಷ್ಟೇ."

ಇರ್ಮಾ ಹಾಳೆಗಳನ್ನು ಹಿಂದಕ್ಕೆ ತಿರುವಿದಳು.

"ಇದನ್ನ ಅಲ್ಲಿ ಬರಿ," ಎಂದ.

ಅಭಿಪ್ರಾಯ ಬರೆದ ಪ್ರತಿಯನ್ನು ಮುಂದಿನ ವಾರ ಬರೆದವರಿಗೆ ಹಿಂತಿರುಗಿಸುವುದು ಪದ್ಧತಿ. ಇರ್ಮಾ ಪೆನ್ಸಿಲ್ ಹುಡುಕಿ, ಬಸ್ಸು ಬಂದು ಹೋಗುವ ಸಾಲಿನ ಪಕ್ಕದ ಖಾಲಿ ಜಾಗದಲ್ಲಿ ಬರೆದಳು: 'ಗಂಡಸಿಗೆ ಕೇಳಿಸುತ್ತದೆ.' ಅವನು ಕತ್ತು ಚಾಚಿ ನೋಡಿ, ಸರಿ ಎನ್ನುವಂತೆ ರೆಪ್ಪೆ ಮುಚ್ಚಿ ತೆರೆದ.

ಅವಳು ಸೂಪಿಗೆ ಉಪ್ಪು ಹಾಕಿ ಬಿಸಿ ಮಾಡಿ ತಂದಳು. ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕೊಟ್ಟಳು. ಗಲ್ಲಕ್ಕೆ ಹರಿದಾಗ ಅವಳ ಕೈ ಕರವಸ್ತ್ರದ ಕಡೆ ಹೋಯಿತು. ಹೋದದ್ದು ಅಲ್ಲೇ ನಿಂತಿತು. ಅವನು ನಡುಗುವ ತನ್ನ ಕೈಯನ್ನೇ ಎತ್ತಿ, ಬಹಳ ಹೊತ್ತು ತೆಗೆದುಕೊಂಡು, ಅರ್ಧ ಮಾತ್ರ ಒರೆಸಿಕೊಂಡ.

"ಇರ್ಮಾ. ಈ ಕುರ್ಚೀನ ಅಡಿಗೆಮನೆಗೆ ಹಾಕು."

"ಯಾಕೆ? ನೀನು ಯಾವಾಗ್ಲೂ ಇಲ್ಲೇ ಅಲ್ವಾ ಕೂರೋದು?"

"ಇಲ್ಲಿ ಚಳಿ. ಒಲೆ ಹತ್ರ ಹಾಕು."

"ಅಲ್ಲಿ ಬೀದಿ ಸದ್ದು ಏನೂ ಕೇಳಿಸಲ್ಲ. ಬೇಜಾರಾಗುತ್ತೆ ನಿಂಗೆ."

"ಕೇಳಿಸೋದು ಬೇಡ. ಬಸ್ಸೂ ಬೇಡ, ಗೇಟೂ ಬೇಡ."

ನಾಳೆ ನೀಬಿಯಾಳ ಗಂಡನನ್ನು ಕರೆಯಬಹುದು ಎಂದಳು. ಅವನು ಒಪ್ಪಲಿಲ್ಲ. ಅವಳು ಅವನನ್ನು ತೋಳಿನಲ್ಲಿ ಹಿಡಿದು ಎಬ್ಬಿಸಿ, ಪುಟ್ಟ ಪುಟ್ಟ ಹೆಜ್ಜೆಗಳಲ್ಲಿ ನಡೆಸಿ ಮಂಚದ ಅಂಚಿನಲ್ಲಿ ಕೂರಿಸಿದಳು. ಕುರ್ಚಿ ಭಾರವಿತ್ತು. ಒಂದು ಕಾಲು, ಇನ್ನೊಂದು ಕಾಲು ಎಂದು ತಿರುಗಿಸುತ್ತಾ, ನಡುನಡುವೆ ನಿಂತು ಉಸಿರು ಬಿಡುತ್ತಾ, ಅಡಿಗೆಮನೆಯವರೆಗೂ ಎಳೆದಳು. ಮತ್ತೆ ಬಂದು ಅವನನ್ನು ನಡೆಸಿಕೊಂಡು ಹೋಗಿ ಒಲೆಯ ಪಕ್ಕ ಕೂರಿಸಿ, ಕಾಲಿನ ಮೇಲೆ ಕಂಬಳಿ ಹೊದಿಸಿದಳು.

ಆಮೇಲೆ ಮುಂದಿನ ಕೋಣೆಯ ದೀಪ ಆರಿಸಲು ಬಂದಳು. ಕಿಟಕಿಯ ಕೆಳಗೆ ನೆಲದ ಹಾಸಿನಲ್ಲಿ ಕುರ್ಚಿಯ ನಾಲ್ಕು ಕಾಲುಗಳು ಒತ್ತಿದ ಕುಳಿಗಳಿದ್ದವು, ಬೆರಳಿನ ತುದಿ ಇಳಿಯುವಷ್ಟು ಆಳ. ಸುತ್ತಲೂ ಹಾಸು ಸವೆದು ಬಿಸಿಲಿಗೆ ಬೂದುಬಣ್ಣಕ್ಕೆ ತಿರುಗಿತ್ತು. ಆ ನಾಲ್ಕರ ನಡುವಿನ ಚೌಕದಲ್ಲಿ ಮಾತ್ರ ಬಣ್ಣ, ಹಾಸಿದ ದಿನ ಇದ್ದ ಹಾಗೆಯೇ, ಗಾಢ ಹಸಿರಾಗಿತ್ತು.